ಘಟ್ಟದ ಮೇಲಿನವನು ಕೆಳಗಿಳಿದ ಪ್ರಸಂಗ

ಹೊಸನಗರದಲ್ಲಿ ಹುಟ್ಟಿದವನಿಗೆ ಎತ್ತರದ ಬಗ್ಗೆ ಯಾರೂ ಪಾಠ ಹೇಳಬೇಕಾದ್ದಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಕುಂದಾಪುರದ ಕಡೆಯವರು ನಮ್ಮನ್ನು ಕರೆಯುವುದೇ ‘ಘಟ್ಟದ ಮೇಲಿನವರು’ ಎಂದು. ಇದು ನಾವಾಗಿ ಇಟ್ಟುಕೊಂಡ ಬಿರುದಲ್ಲ, ಕೆಳಗಿನವರು ತಾವಾಗಿಯೇ ಕೊಟ್ಟದ್ದು! ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಹುಟ್ಟಿದ ಕೂಸು ಕಣ್ಣು ಬಿಡುವ ಮೊದಲೇ ಮೇಲಿನದು. ಹಾಗಿರುವಾಗ ನಾನು ಹಿಮಾಲಯಕ್ಕೆ ಹೋಗುವುದೆಂದರೆ ಏನು? ಒಂದು ಮೇಲಿನಿಂದ ಇನ್ನೊಂದು ಮೇಲಿಗೆ ವರ್ಗಾವಣೆ. ಅಷ್ಟೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೊಸನಗರದ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಮೊಬೈಲ್ ರಿಪೇರಿ ಅಂಗಡಿಯಿದೆ. ಅದು ಹೊಟ್ಟೆಪಾಡು. ಮಿಮಿಕ್ರಿ ನನ್ನ ಉಸಿರು. (ಈ ‘ಉಸಿರು’ ಎಂಬ ಪದವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.) ಮೊಬೈಲಿನಿಂದ ತೊಟ್ಟಿಕ್ಕುತ್ತಿರುವ ನೀರನ್ನು ಅಂಗಿಯ ತುದಿಯಲ್ಲಿ ಒರೆಸುತ್ತಾ “ನೀರಿಗೆ ಬಿದ್ದಿಲ್ಲ ಮಾರಾಯ, ಸುಮ್ನೆ ಆಫ್ ಆಯ್ತು” ಎನ್ನುವ ಗಿರಾಕಿ, ಓಟು ಕೇಳಲು ಬರುವ ಅಭ್ಯರ್ಥಿ, ಪಕ್ಕದ ಮನೆಯವರು ಕೋಳಿ ಕರೆಯುವುದು, ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನನ್ನ ಹೆಂಡತಿ ಸುಮಾ, ಯಾರನ್ನೂ ಬಿಟ್ಟವನಲ್ಲ. ನನ್ನ ಅಂಗಡಿಗೆ ಬಂದವರು ಮೊಬೈಲು ಕೊಟ್ಟು, ದನಿಯನ್ನೂ ಬಿಟ್ಟು ಹೋಗುತ್ತಾರೆ.

ಒಂದೇ ಒಂದು ಐಟಂ ಮಾತ್ರ ನನಗೆ ಒಲಿದಿರಲಿಲ್ಲ. ಹುಲಿಕಲ್ ಘಾಟಿ ಹತ್ತುವ ಬಸ್ಸು! ಕುಂದಾಪುರದಿಂದ ಜನ, ಮೀನಿನ ಬುಟ್ಟಿ, ಸುರುಳಿ ಸುತ್ತಿದ ಹಾಸಿಗೆ ಎಲ್ಲ ತುಂಬಿಕೊಂಡು ಬರುವ ಹಳೆಯ ಬಸ್ಸು ತಿರುವಿನಲ್ಲಿ ಫಸ್ಟ್ ಗೇರಿಗೆ ಇಳಿದು ನರಳುತ್ತದಲ್ಲ, ಆ ನರಳಾಟ. ಎಷ್ಟು ವರ್ಷ ಪ್ರಯತ್ನಿಸಿದರೂ ಬರಲಿಲ್ಲ. ಅಡುಗೆಮನೆಯಲ್ಲಿದ್ದ ಸುಮಾ ಅಲ್ಲಿಂದಲೇ ಹೇಳುತ್ತಿದ್ದಳು.

“ರೀ, ಮಿಕ್ಸಿ ಚೆನ್ನಾಗಿ ಮಾಡ್ತೀರಿ!”

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಾಗರದ ಒಂದು ಗಣಪತಿ ಸಮಿತಿಯವರು ಹೋದ ವರ್ಷ ನನಗೆ ಬಹುಮಾನ ವಿತರಣೆಗೂ ಭಜನೆಗೂ ನಡುವೆ ಸಿಕ್ಕಿದ ಸಂದಿಯಲ್ಲಿ ಒಂದು ಚೂರು ಜಾಗ ಕೊಟ್ಟಿದ್ದರು. ಬಹುಮಾನ ಸಿಗದ ಮಕ್ಕಳು ಅಳುವ ಗಲಾಟೆಯಲ್ಲಿ ನನ್ನ ಕಲೆ ಮುಳುಗಿತು. ಈ ವರ್ಷ ಒಂದಿಡೀ ಸಂಜೆ ನನ್ನದಾಗಬೇಕು ಎಂದು ಸಮಿತಿಯ ಕಾರ್ಯದರ್ಶಿ ಶೇಷಗಿರಿಯವರನ್ನು ಹಿಡಿದೆ. ಅವರು ಎಲೆಯಡಿಕೆಯ ಕವಳ ಜಗಿಯುತ್ತಾ ಯೋಚಿಸಿದರು.

“ನೋಡಾ, ನಿನ್ನದು ಚೆನ್ನಾಗೇ ಇರತ್ತೆ. ಆದ್ರೆ ಅದದೇ ಮಾಡಿದ್ರೆ ಜನ ಎದ್ದು ಪ್ರಸಾದದ ಲೈನಿಗೆ ಹೋಗ್ತಾರೆ. ಏನಾದ್ರೂ ಹೊಸದು ಬೇಕು. ಇಲ್ಲಾಂದ್ರೆ ಶಿವಮೊಗ್ಗದ ಆರ್ಕೆಸ್ಟ್ರಾದವ್ರಿಗೆ ಹೇಳಿಬಿಡ್ತೀನಿ.”

“ಹಿಮಾಲಯದಿಂದ ಮಿಮಿಕ್ರಿ ಮಾಡಿದ್ರೆ?”

ಶೇಷಗಿರಿಯವರ ಜಗಿತ ನಿಂತಿತು. “ಹಿಮಾಲಯದಿಂದಾ?”

“ಸುಮಾ ಮೇ ರಜಕ್ಕೆ ಟ್ರೆಕಿಂಗ್ ಬುಕ್ ಮಾಡಿದ್ದಾಳೆ. ಹಿಮದ ಮೇಲೆ ನಿಂತು ಮಾಡ್ತೀನಿ, ವಿಡಿಯೋ ತರ್ತೀನಿ. ಪೆಂಡಾಲಿನ ಸ್ಕ್ರೀನಲ್ಲಿ ಮೊದ್ಲು ಅದನ್ನ ಹಾಕಿ, ಆಮೇಲೆ ನಾನು ಸ್ಟೇಜಿಗೆ ಬರೋದು!”

“ವಿಡಿಯೋ ಬರ್ಲಿ. ಚೆನ್ನಾಗಿದ್ರೆ ಇಡೀ ಸಂಜೆ ನಿಂದು. ಇಲ್ದಿದ್ರೆ ಆರ್ಕೆಸ್ಟ್ರಾ.” ಅವರು ಮತ್ತೆ ಜಗಿಯತೊಡಗಿದರು.

ಒಪ್ಪಂದವಾಯಿತು. ನನ್ನ ಕಲಾಜೀವನ ಈಗ ಹಿಮಾಲಯದ ಕೈಯಲ್ಲಿ!

ಈ ಮಹತ್ವದ ಸುದ್ದಿಯನ್ನು ತೀರ್ಥಹಳ್ಳಿಯ ಮಾವನ ಮನೆಯಲ್ಲಿ, ಊಟದ ಹೊತ್ತಿಗೆ ಘೋಷಿಸಿದೆ. ಅಲ್ಲಿ ದೊಡ್ಡ ಅಳಿಯ ಭಾಸ್ಕರಣ್ಣನೂ ಇದ್ದರು. ಸುಮಾಳ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ. ಕುಂದಾಪುರದಲ್ಲಿ ಬೇಕರಿ. ಭಾಸ್ಕರಣ್ಣನ ಹೊಟ್ಟೆ ಅವರಿಗಿಂತ ಸ್ವಲ್ಪ ಮೊದಲೇ ಮನೆಯೊಳಗೆ ಬರುತ್ತದೆ. ಇಬ್ಬರು ಅಳಿಯಂದಿರಿರುವ ಮನೆಯಲ್ಲಿ ಯಾವ ಅಳಿಯ ಮೇಲು ಎಂಬ ಪ್ರಶ್ನೆ ಬಾಯಿಬಿಟ್ಟು ಯಾರೂ ಕೇಳುವುದಿಲ್ಲ. ಹಪ್ಪಳ ಮೊದಲು ಯಾರ ಎಲೆಗೆ ಬೀಳುತ್ತದೆ ಎಂಬುದರಲ್ಲಿ ಉತ್ತರವಿರುತ್ತದೆ. ಭಾಸ್ಕರಣ್ಣನ ಎಲೆಗೇ ಬೀಳುತ್ತಿತ್ತು.

ಸುಮಾ ಪಾಠ ಶುರುಮಾಡಿದಳು.

“ರೀ, ಅಲ್ಲಿ ಗಾಳಿ ತೆಳ್ಳಗಿರತ್ತೆ. ಇಲ್ಲಿ ಒಂದ್ ಉಸ್ರಿಗೆ ಸಿಗೋಷ್ಟು ಆಮ್ಲಜನಕ ಅಲ್ಲಿ ಸಿಗಲ್ಲ. ಅದನ್ನ ಸರಿದೂಗಿಸ್ಲಿಕ್ಕೆ ಹೃದಯ ಜೋರಾಗಿ ಹೊಡ್ಕೊಳ್ಳತ್ತೆ, ಉಸ್ರು ಮೇಲಿಂದ ಮೇಲೆ ಬರತ್ತೆ. ಸುಮ್ನೆ ಕೂತಾಗ್ಲೇ ಹೀಗಾದ್ರೆ, ಹತ್ತುವಾಗ ಕೇಳೋದೇ ಬೇಡ.”

ಮಾವ ತಲೆಯಾಡಿಸಿದರು. “ಅಂದ್ರೆ ನೀರು ಸೇರ್ಸಿದ ಹಾಲಿನ ಥರ. ಕಾಫಿ ಗಟ್ಟಿ ಆಗ್ಬೇಕಾದ್ರೆ ಜಾಸ್ತಿ ಹೊಯ್ಬೇಕು.”

“ಹೌದಪ್ಪಾ, ಹಾಗೇ. ದೇಹ ನಿಧಾನಕ್ಕೆ ಹೊಂದಿಕೊಳ್ಳತ್ತೆ. ಅದಕ್ಕೆ ಪುರ್ಸೊತ್ತು ಕೊಡ್ಬೇಕು. ಅವಸರ ಮಾಡಿದ್ರೆ ತಲೆನೋವು, ವಾಂತಿ. ಆಗ್ಲೂ ಹಟ ಮಾಡಿ ಹತ್ತಿದ್ರೆ ಜೀವಕ್ಕೇ ಕುತ್ತು ಬರತ್ತೆ.”

“ಅದೆಲ್ಲ ಕೆಳಗಿನವ್ರಿಗೆ,” ಎಂದು ನಾನು ಭಾಸ್ಕರಣ್ಣನ ಕಡೆ ನೋಡಿದೆ. “ನಾವು ಘಟ್ಟದ ಮೇಲಿನವ್ರು. ಎತ್ತರ ನಮ್ಮ ರಕ್ತದಲ್ಲೇ ಇದೆ. ಕೊಡಚಾದ್ರಿ ಹತ್ತಿದವನು ನಾನು!”

“ಜೀಪಲ್ಲಿ,” ಎಂದಳು ಸುಮಾ.

“ಇಳಿದದ್ದು ನಡ್ಕೊಂಡು!”

“ಜೀಪು ಕೆಟ್ಟಿತ್ತಲ್ಲ, ಅದಕ್ಕೆ.”

ಭಾಸ್ಕರಣ್ಣ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. “ಹ್ವಾಯ್, ನಾನೂ ಬತ್ತೆ ಕಾಣಿ. ಡಾಕ್ಟ್ರ್ ದಿನಾ ನಡೀಕ್ ಅಂದಿರ್. ಎಲ್ಲಿ ಅಂದ್ ಹೇಳ್ಲಿಲ್ಲ.”

ನನಗೆ ನಗು ತಡೆಯಲಾಗಲಿಲ್ಲ. ಸಮುದ್ರದ ಅಲೆ ಕಾಲಿಗೆ ತಾಗುವ ಮಟ್ಟದಲ್ಲಿ ಬದುಕುವ ಮನುಷ್ಯ ಹಿಮಾಲಯಕ್ಕೆ! ಆದರೆ ಮಾವನಿಗೆ ಮಹದಾನಂದವಾಯಿತು. “ಇಬ್ರು ಅಳಿಯಂದ್ರೂ ಹೋಗಿ ಬನ್ನಿ. ಒಬ್ರಿಗೊಬ್ರು ಆಗ್ತೀರಿ.” ಒಳಗಿನಿಂದ ಹಪ್ಪಳ ಬಂತು. ಭಾಸ್ಕರಣ್ಣನ ಎಲೆಗೆ.

ತಯಾರಿ ಆರಂಭವಾಯಿತು. ಹೊಸನಗರದ ಸುತ್ತಮುತ್ತ ಎಷ್ಟು ಗುಡ್ಡವಿದೆಯೋ ಅಷ್ಟನ್ನೂ ಓಡಿ ಹತ್ತಿದೆ. ಬಲೂನು ಊದಿದೆ. ಅಂಗಡಿಯಲ್ಲಿ ಗಿರಾಕಿ ಮಾತಾಡುತ್ತಿರುವಾಗ ಮೂಗು ಹಿಡಿದುಕೊಂಡು ಕೂತೆ. ಅವನು ತನ್ನ ಬೆವರಿನ ವಾಸನೆಗೆ ಹಿಡಿದದ್ದೆಂದು ಸಿಟ್ಟಾಗಿ ಮೊಬೈಲು ವಾಪಸು ತೆಗೆದುಕೊಂಡು ಹೋದ. ತೀರ್ಥಹಳ್ಳಿಗೆ ಹೋದಾಗಲೂ ಅಭ್ಯಾಸ ಬಿಡಬಾರದೆಂದು ಬಚ್ಚಲುಮನೆಯಲ್ಲಿ ಬಕೆಟ್ಟಿನ ತುಂಬ ನೀರು ತುಂಬಿಸಿ, ತಲೆ ಮುಳುಗಿಸಿ ಉಸಿರು ಕಟ್ಟಿದೆ. ಬಾಗಿಲ ಚಿಲಕ ಹಾಕಲು ಮರೆತಿದ್ದೆ. ಬಿಸಿನೀರಿಗೆಂದು ಬಂದ ಮಾವ ಬಾಗಿಲು ತೆಗೆದರೆ ಏನು ಕಾಣಬೇಕು? ಬಕೆಟ್ಟಿನೊಳಗೆ ಅಳಿಯನ ತಲೆ, ಹೊರಗೆ ಉಳಿದ ಅಳಿಯ!

“ಸುಮಾ! ಬೇಗ ಬಾ! ನೀವಿಬ್ರು ಜಗಳ ಆಡಿದ್ರಾ?”

ನಾನು ತಲೆ ಎತ್ತಿ ನೀರು ಉಗುಳಿ, “ಇಲ್ಲ ಮಾವ, ಎತ್ತರಕ್ಕೆ ಅಭ್ಯಾಸ ಮಾಡ್ತಿದ್ದೆ” ಎಂದೆ.

ಅವರು ಬಕೆಟ್ಟನ್ನು ನೋಡಿದರು. ನನ್ನನ್ನು ನೋಡಿದರು. “ಇದು ಆಳ ಅಲ್ವಾ?” ಎಂದು ಹೇಳಿ ಹೋದರು.

“ಕಾಲಿಗೆ ಅಭ್ಯಾಸ ಆಗಿರ್ಬಹುದು. ರಕ್ತಕ್ಕೆ ಆಗ್ಲಿಲ್ಲ,” ಎಂದು ಸುಮಾ ಟವೆಲ್ ಕೊಟ್ಟಳು. “ಅಲ್ಲಿಗೇ ಹೋಗಿ, ನಿಧಾನಕ್ಕೇ ಹೊಂದಿಕೊಳ್ಬೇಕು. ಇಲ್ಲಿ ಬಕೆಟ್ಟಲ್ಲಿ ಸಿಗಲ್ಲ.”

ಅಂತೂ ಮೇ ತಿಂಗಳಲ್ಲಿ ರೈಲು, ಬಸ್ಸು, ಜೀಪು ಎಲ್ಲ ಹತ್ತಿಳಿದು ಹಿಮಾಚಲದ ಒಂದು ಕಣಿವೆಗೆ ಬಂದು ಸೇರಿದೆವು. ದೇವದಾರು ಮರ, ಕೆಳಗೆ ಬೋರ್ಗರೆಯುವ ಹೊಳೆ, ಮೇಲೆ ಬೆಳ್ಳಗೆ ಹಿಮ. ಗುಂಪಿನ ಮುಂದಾಳು ಠಾಕೂರ್ ಎಂಬಾತ ಒಬ್ಬೊಬ್ಬರನ್ನೇ ಎಲ್ಲಿಂದ ಬಂದಿರಿ ಎಂದು ಕೇಳುತ್ತಾ ಬಂದ. ನನ್ನ ಸರದಿ. ಎದೆ ಉಬ್ಬಿಸಿ, ನಮ್ಮೂರಿನ ಬಿರುದನ್ನು ಹಿಂದಿಯಲ್ಲಿ ಘೋಷಿಸಿದೆ.

“ಹಮ್ ಘಾಟ್ ಕೇ ಊಪರ್‌ವಾಲೇ ಹೈಂ!”

ಠಾಕೂರ್ ಒಂದು ಹೆಜ್ಜೆ ಹಿಂದೆ ಸರಿದು ಕೈ ಮುಗಿದ. ಇಡೀ ಗುಂಪು ಬಿದ್ದು ಬಿದ್ದು ನಕ್ಕಿತು. ಸುಮಾ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

“ರೀ, ಇವ್ರ ಭಾಷೇಲಿ ಘಾಟ್ ಅಂದ್ರೆ ನದೀ ದಂಡೆ. ಹೆಣ ಸುಡೋದೂ ಅಲ್ಲೇ. ಊಪರ್‌ವಾಲಾ ಅಂದ್ರೆ ದೇವ್ರು! ನೀವೀಗ ಸ್ಮಶಾನದ ದೇವ್ರು ಅಂತ ಪರಿಚಯ ಮಾಡ್ಕೊಂಡ್ರಿ.”

ಅಂದಿನಿಂದ ಗುಂಪಿನಲ್ಲಿ ನನ್ನ ಹೆಸರು ಊಪರ್‌ವಾಲಾ. ಊಪರ್‌ವಾಲಾ ಚಪಾತಿ ತಿಂದ್ರಾ? ಊಪರ್‌ವಾಲಾ ಬೂಟು ಹಾಕಿಕೊಂಡ್ರಾ? ಭಾಸ್ಕರಣ್ಣ ಮಾತ್ರ ಇದರಲ್ಲಿ ತಮಾಷೆ ಕಾಣದೆ, “ಸರಿಯೇ ಹೇಳಿರಲೆ, ಘಟ್ಟದ್ ಮೇಲಿನವ್ರೇ ಅಲ್ದಾ?” ಎಂದರು. ಕಷ್ಟಕಾಲದಲ್ಲಿ ಷಡ್ಡಕನೇ ಆಗುವುದು.

ನಡಿಗೆ ಶುರುವಾಯಿತು. “ಧೀರೇ ಧೀರೇ” ಎಂದು ಠಾಕೂರ್ ಕೂಗುತ್ತಲೇ ಇದ್ದ. ನಿಧಾನಕ್ಕೆ ಹೋಗಿ ಎಂದರ್ಥ. ಅದು ಮೇಲಿನವರಿಗೆ ಅನ್ವಯಿಸುವುದಿಲ್ಲವೆಂದು ನಾನು ದಾಪುಗಾಲು ಹಾಕಿ ಎಲ್ಲರಿಗಿಂತ ಮುಂದೆ ಹೋಗಿ, ಒಂದು ಬಂಡೆಯ ಮೇಲೆ ನಿಂತು, ಹಿಂದಿನಿಂದ ಬರುವವರಿಗೆ ಅವರವರ ನಡಿಗೆಯನ್ನು ಮಾಡಿ ತೋರಿಸುತ್ತಿದ್ದೆ. ಭಾಸ್ಕರಣ್ಣನ ನಡಿಗೆ ನನ್ನ ವಿಶೇಷ ಐಟಂ. ತಲೆಯ ಮೇಲೆ ಬನ್ನಿನ ಟ್ರೇ ಹೊತ್ತವನು ಒದ್ದೆ ನೆಲದಲ್ಲಿ ಹೋಗುವ ಹಾಗೆ. ಅವರೋ, ಒಂದಿಷ್ಟು ದೂರ ನಡೆಯುವುದು, ನಿಲ್ಲುವುದು, ನೀರು ಕುಡಿಯುವುದು, ಜೇಬಿನಿಂದ ಸ್ವಂತ ಬೇಕರಿಯ ರಸ್ಕು ತೆಗೆದು ಕಡಿಯುವುದು.

“ಭಾಸ್ಕರಣ್ಣ, ಹೀಗೆ ನಡೆದ್ರೆ ಹಿಮ ಕರಗಿ ಹೋಗತ್ತೆ!”

“ಗುಡ್ಡಿ ಎಲ್ಲಿಗಾರೂ ಓಡಿ ಹೋತ್ತಾ ಮಾರಾಯ್ರೆ? ನೀವ್ ನೀರ್ ಕುಡೀನಿ ಕಾಂಬ.”

ನನಗೆ ಬಾಯಾರಿಕೆಯೇ ಇರಲಿಲ್ಲ. ಚಳಿಯಲ್ಲಿ ಯಾರಿಗೆ ನೀರು ಬೇಕು? ಕುಡಿದರೆ ಆ ಮೇಲೆ ಅಷ್ಟೆಲ್ಲ ಬಟ್ಟೆ ಬಿಚ್ಚಿ ಪೊದೆ ಹುಡುಕುವವರು ಯಾರು? ನಡುವೆ ಒಂದು ದಿನ ದೇಹ ಹೊಂದಿಕೊಳ್ಳಲೆಂದೇ ವಿಶ್ರಾಂತಿ ಕೊಟ್ಟರು. ಭಾಸ್ಕರಣ್ಣ ಶಿಸ್ತಾಗಿ ಸಣ್ಣದೊಂದು ನಡಿಗೆ ಮುಗಿಸಿ ಬಂದು ಬಿಸಿಲಿಗೆ ಬೆನ್ನು ಕೊಟ್ಟು ಕೂತರು. ನಾನು ಪಕ್ಕದ ಗುಂಪಿನವರೊಂದಿಗೆ ವಾಲಿಬಾಲ್ ಆಡಿದೆ. ಎತ್ತರಕ್ಕೆ ಹಾರಿ ಹಾರಿ ಹೊಡೆದೆ. ಗೆದ್ದೆವು!

ಮರುದಿನದಿಂದ ದೇಹ ಲೆಕ್ಕ ಕೇಳತೊಡಗಿತು.

ತಲೆಯೊಳಗೆ ಯಾರೋ ಚೆಂಡೆ ಬಾರಿಸುತ್ತಿದ್ದರು. ಊಟ ಕಂಡರೆ ಓಡಿಹೋಗೋಣ ಅನ್ನಿಸುತ್ತಿತ್ತು, ಓಡಲು ಉಸಿರಿರಲಿಲ್ಲ. ಬೂಟಿನ ದಾರ ಕಟ್ಟಲು ಬಗ್ಗಿದರೆ ಆಗುಂಬೆಯನ್ನು ಬೆನ್ನಿನ ಮೇಲೆ ಹೊತ್ತು ಎದ್ದಷ್ಟು ಏದುಸಿರು. ಒಂದು ಬೂಟು ಕಟ್ಟಿ, ಸ್ವಲ್ಪ ವಿರಮಿಸಿ, ಇನ್ನೊಂದು ಬೂಟನ್ನು ದೂರದಿಂದ ನೋಡಿ, ಅದು ಹಾಗೇ ಇರಲಿ ಎಂದು ಬಿಟ್ಟೆ. ಆದರೆ ಬಾಯಿ ಬಿಡಲಿಲ್ಲ. ಬಿಟ್ಟರೆ ಠಾಕೂರ್ ನನ್ನನ್ನು ಅಲ್ಲೇ ತಡೆಯುತ್ತಾನೆ. ತಡೆದರೆ ಹಿಮವಿಲ್ಲ, ಹಿಮವಿಲ್ಲದಿದ್ದರೆ ವಿಡಿಯೋ ಇಲ್ಲ, ವಿಡಿಯೋ ಇಲ್ಲದಿದ್ದರೆ ಸಾಗರದ ಸ್ಟೇಜಿನ ಮೇಲೆ ಆರ್ಕೆಸ್ಟ್ರಾ! ಕಣ್ಣು ಮುಚ್ಚಿದರೆ ಸಾಕು, ಶೇಷಗಿರಿಯವರು ಕವಳ ಜಗಿಯುತ್ತಾ ಕೀಬೋರ್ಡಿನವನಿಗೆ ಶಾಲು ಹೊದೆಸುವುದು ಕಾಣುತ್ತಿತ್ತು.

“ರೀ, ಯಾಕೆ ಮುಖ ಹೀಗಿದೆ?” ಎಂದಳು ಸುಮಾ.

“ನನ್ನ ಮುಖ ಯಾವಾಗ್ಲೂ ಹೀಗೇ.”

“ಅದು ಗೊತ್ತು. ಇವತ್ತು ಬಣ್ಣ ಬೇರೆ ಇದೆ.”

ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ನೋಡುವ ಪುಟ್ಟ ಯಂತ್ರವನ್ನು ಠಾಕೂರ್ ಎಲ್ಲರಿಗೂ ಹಾಕುತ್ತಾ ಬಂದ. ಭಾಸ್ಕರಣ್ಣನದು ಡಿಸ್ಟಿಂಕ್ಷನ್. ನನ್ನದು ಪಾಸೋ ಫೇಲೋ ಎಂಬ ಅನುಮಾನ. ನಾನು ಅಂಗಡಿಯ ಗತ್ತಿನಲ್ಲಿ, “ಮೆಷಿನ್ನು ಹಾಳಾಗಿದೆ. ಬ್ಯಾಟರಿ ವೀಕು. ಕೊಡಿ, ಬಿಚ್ಚಿ ನೋಡ್ತೀನಿ” ಎಂದೆ. ಅವನು ಅದನ್ನು ತನ್ನ ಬೆರಳಿಗೆ ಹಾಕಿ ನೋಡಿದ, ಸರಿಯಿತ್ತು. ಸುಮಾಳಿಗೆ ಹಾಕಿದ, ಸರಿಯಿತ್ತು. ಮತ್ತೆ ನನಗೆ ಹಾಕಿದ. ಮೆಷಿನ್ನು ಮತ್ತೆ ಹಾಳಾಯಿತು!

“ಊಪರ್‌ವಾಲಾ ಇವತ್ತು ಇಲ್ಲೇ ಇರಲಿ, ಮೇಲೆ ಹತ್ತಬಾರದು,” ಎಂದು ಅಪ್ಪಣೆಯಾಯಿತು.

ಸುಮಾ ನನಗೆ ಬಿಸಿ ಸೂಪು ತರಲೆಂದು ಅಡುಗೆ ಡೇರೆಗೆ ಹೋದಳು. ಇನ್ನು ತಡ ಮಾಡುವಂತಿರಲಿಲ್ಲ. ಡೇರೆಗಳ ಹಿಂದಿನ ದಿಬ್ಬದ ಮೇಲೆ ಒಂದಷ್ಟು ಹಿಮ ಬಿದ್ದಿತ್ತು. ಭಾಸ್ಕರಣ್ಣನ ಕೈಯಲ್ಲಿ ನನ್ನ ಮೊಬೈಲು ಕೊಟ್ಟೆ.

“ಭಾಸ್ಕರಣ್ಣ, ಆ ದಿಬ್ಬ ಹತ್ತಿ ಒಂದು ವಿಡಿಯೋ. ಹತ್ತಿದ ಕೂಡ್ಲೇ ಆನ್ ಮಾಡಿ. ನಾನು ಹೇಳೋವರೆಗೂ ಆಫ್ ಮಾಡ್ಬೇಡಿ. ಎಂತ ಆದ್ರೂ!”

“ಎಂತ ಆರೂ ಆಫ್ ಮಾಡುದಿಲ್ಲ. ಆಯ್ತ್.”

ಅದೊಂದು ಸಣ್ಣ ದಿಬ್ಬ. ನಮ್ಮೂರಿನಲ್ಲಾದರೆ ಅದಕ್ಕೆ ದಿಬ್ಬ ಎಂದೂ ಕರೆಯುವುದಿಲ್ಲ. ಅದನ್ನು ಹತ್ತುವಷ್ಟರಲ್ಲಿ ನನ್ನ ಹೃದಯ ಕಿವಿಗೆ ಬಂದು ಕೂತಿತ್ತು. ಆದರೂ ಕಲಾವಿದ ಕಲಾವಿದನೇ. ಮೊದಲನೆಯ ಐಟಂ, ಓಟು ಕೇಳಲು ಬಂದ ಅಭ್ಯರ್ಥಿ.

“ಮತ... ದಾರ... ಹಾ... ಬಂಧು... ಹಾ... ಗಳೇ... ಹಾ...”

ಓಟು ಕೇಳಿದ ಹಾಗಿರಲಿಲ್ಲ, ಕೊನೆಯ ಆಸೆ ಹೇಳಿದ ಹಾಗಿತ್ತು. ಎರಡನೆಯದು ಕೋಳಿ ಕರೆಯುವುದು. ಒಂದೇ ಒಂದು “ಬಾ” ಹೊರಟಿತು. ಎರಡನೆಯ “ಬಾ” ಬರಲೇ ಇಲ್ಲ. ನೀರಿಗೆ ಬಿದ್ದ ಮೊಬೈಲಿನ ಗಿರಾಕಿಯ ದನಿ ತೆಗೆಯಲು ಹೋದೆ. ಸ್ವತಃ ನೀರಿಗೆ ಬಿದ್ದವನ ದನಿ ಬಂತು. ಎಷ್ಟೋ ವರ್ಷಗಳಿಂದ ಗಂಟಲಲ್ಲಿ ಕೂಡಿಟ್ಟಿದ್ದ ಊರಿನವರೆಲ್ಲ ಒಬ್ಬೊಬ್ಬರಾಗಿ ಎದ್ದುಹೋದರು. ಉಳಿದವನು ನಾನೊಬ್ಬನೇ. ನನ್ನ ದನಿಯೂ ಇರಲಿಲ್ಲ, ಬರೀ ಗಾಳಿ.

ಮೂಗಿನಲ್ಲಿ ಸಿಳ್ಳೆ, ಎದೆಯಲ್ಲಿ ಗೊರಗೊರ, ನಡುವೆ ಕೆಮ್ಮು. ಮಂಡಿ ಊರಿದೆ. ಹೊಟ್ಟೆಯಿಂದ ಏನೋ ಮೇಲೆ ಬಂತು. ಭಾಸ್ಕರಣ್ಣ ಮೊಬೈಲು ಅಲುಗಿಸದೆ ಹಿಡಿದು, ಹೊಟ್ಟೆ ಕುಲುಕಿಸಿ ನಗುತ್ತಿದ್ದರು.

“ಹ್ವಾಯ್! ಇದ್ ಲಾಯ್ಕ್ ಇತ್ ಮಾರಾಯ್ರೆ! ಹುಲಿಕಲ್ ಘಾಟಿ ಬಸ್ ಅಲ್ದಾ? ಹಾಂಗೇ ಇತ್!”

ಅಷ್ಟರಲ್ಲಿ ಸೂಪಿನ ಲೋಟ ಹಿಡಿದ ಸುಮಾ ದಿಬ್ಬದ ಬುಡದಿಂದ ಕೂಗಿದಳು. “ಭಾವಾ! ಅದು ಮಿಮಿಕ್ರಿ ಅಲ್ಲ!”

ಅವಳು ಹೇಗೆ ಹತ್ತಿ ಬಂದಳೋ, ನನ್ನ ತಲೆ ಅವಳ ಮಡಿಲಲ್ಲಿತ್ತು.

“ತಲೆ ನೋಯ್ತಿದ್ಯಾ?”

“ಇಲ್ಲ.”

“ನಿಜ ಹೇಳಿ.”

“ಚೂರು.”

“ರೀ, ನನ್ ಮುಖ ನೋಡಿ ಹೇಳಿ.”

ಅವಳ ಮುಖ ನೋಡಿದೆ. ಕ್ಲಾಸಿನಲ್ಲಿ ಗದರುವ, ಅಡುಗೆಮನೆಯಿಂದ ಮಿಕ್ಸಿ ಎಂದು ಕೆಣಕುವ ಸುಮಾ ಅಲ್ಲಿರಲಿಲ್ಲ. ತುಟಿ ನಡುಗುತ್ತಿತ್ತು. ಎಲ್ಲರ ಮುಖವನ್ನೂ ಮಾಡಿ ತೋರಿಸುವ ನನಗೆ ಈ ಮುಖ ಮಾಡಲು ಬರುವುದಿಲ್ಲ, ಬರುವುದೂ ಬೇಡ ಅನ್ನಿಸಿತು.

“ತುಂಬಾ ನೋಯ್ತಿದೆ,” ಎಂದೆ. “ನಿನ್ನೆಯಿಂದ.”

“ಸ್ಟೇಜು ಎಲ್ಲಿಗೂ ಹೋಗಲ್ಲ. ನೀವು ಹೋದ್ರೆ ನಾನೆಂತ ಮಾಡ್ಲಿ?” ಎಂದು ಕಣ್ಣೊರೆಸಿಕೊಂಡಳು. ಮರುಕ್ಷಣವೇ ಜೀವಶಾಸ್ತ್ರ ಎಚ್ಚರವಾಯಿತು. “ಔಷಧಿ ಇದಕ್ಕೆ ಒಂದೇ. ಕೆಳಗಿಳಿಯೋದು.”

ಠಾಕೂರ್ ಬಂದ. ನೋಡಿದ. ಗಂಭೀರವಾಗಿ ಅಪ್ಪಣೆ ಕೊಟ್ಟ. “ಊಪರ್‌ವಾಲೇ ಕೋ ನೀಚೇ ಲೇ ಚಲೋ!”

ಮೇಲಿನವನನ್ನು ಕೆಳಗೆ ಕರೆದುಕೊಂಡು ಹೋಗಿ! ದೇವರು ಇಷ್ಟು ಸರಳವಾಗಿ ಭೂಮಿಗಿಳಿದದ್ದನ್ನು ಯಾವ ಪುರಾಣದಲ್ಲೂ ನಾನು ಕೇಳಿಲ್ಲ. ವಾಹನವಾಗಿ ಹೇಸರಗತ್ತೆಯೊಂದು ಬಂತು. ಅಕ್ಕಿ, ಆಲೂಗಡ್ಡೆ ಹೊತ್ತು ಅಭ್ಯಾಸವಾದ ಪ್ರಾಣಿ. ನನ್ನನ್ನು ಮೂಸಿ ನೋಡಿ, ಮೂಟೆ ಎಂದು ಒಪ್ಪಿಕೊಂಡಿತು. ಒಂದು ಕಡೆ ಸುಮಾ, ಇನ್ನೊಂದು ಕಡೆ ಹೇಸರಗತ್ತೆಯವನು, ನಡುವೆ ನಾನು. ದಾರಿಯುದ್ದಕ್ಕೂ ಎದುರಿನಿಂದ ಹತ್ತಿ ಬರುವವರು ಪಕ್ಕಕ್ಕೆ ಸರಿದು ನಿಂತರು. ನನಗೆ ಗೌರವವೆಂದು ತಿಳಿದು ಕೈ ಬೀಸಿದೆ. ಹೇಸರಗತ್ತೆ ಒದೆಯುತ್ತದೆ ಎಂದು ಸರಿದದ್ದಂತೆ.

ಕೆಳಗಿಳಿದ ಹಾಗೆಲ್ಲ ಚೆಂಡೆ ತಗ್ಗುತ್ತಾ ಬಂತು. ಕೆಳಗಿನ ಹಳ್ಳಿ ಸೇರಿ, ಒಂದು ರಾತ್ರಿ ಮಲಗೆದ್ದ ಮೇಲೆ ಹಸಿವಾಯಿತು. ರೊಟ್ಟಿ ತಿಂದೆ. ಗಂಟಲಿನಲ್ಲಿ ಏನೋ ಮಿಸುಕಾಡಿದ ಹಾಗಾಗಿ ಬಾಯಿ ತೆರೆದರೆ, ಹೇಸರಗತ್ತೆಯ ಕೂಗು ಥೇಟ್ ಬಂತು. ಹೊರಗೆ ಕಟ್ಟಿದ್ದ ಹೇಸರಗತ್ತೆ ಉತ್ತರ ಕೊಟ್ಟಿತು.

“ಹುಷಾರಾಯ್ತು ಬಿಡಿ,” ಎಂದಳು ಸುಮಾ.

ಎರಡು ದಿನ ಬಿಟ್ಟು ಭಾಸ್ಕರಣ್ಣ ಇಳಿದು ಬಂದರು. ಒಂದು ಹೆಜ್ಜೆಯನ್ನೂ ಅವಸರಿಸದೆ, ನೀರು ಕುಡಿಯುತ್ತಾ, ರಸ್ಕು ತಿನ್ನುತ್ತಾ, ಅತಿ ಎತ್ತರದ ಜಾಗ ಮುಟ್ಟಿದ್ದರು. ಫೋಟೋ ತೋರಿಸಿದರು. ಹಿಮದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬೇಕರಿಯ ಗಲ್ಲಾದಲ್ಲಿ ಕೂತ ಅದೇ ಮುಖ. ನನಗೆ ಒಳಗೊಳಗೇ ಉರಿಯಿತು. ಆದರೂ ಅವರು ನನ್ನ ಪಾಲಿಗೆಂದು ಒಂದು ರಸ್ಕು ಉಳಿಸಿಕೊಂಡು ಬಂದಿದ್ದರು. ತಿಂದೆ.

“ಭಾಸ್ಕರಣ್ಣ, ಆ ವಿಡಿಯೋ ಅಳಿಸಿಬಿಡಿ.”

“ಅಳ್ಸುದಾ? ಆ ದಿನವೇ ನಿಮ್ಮ ಮೊಬೈಲಿಂದ ನನ್ದಕ್ಕೆ ಹಾಕ್ಕಂಡೆ. ಬಸ್ಸಿನದ್ದಷ್ಟೇ ಕತ್ತರ್ಸಿ, ಇಲ್ಲಿಗೆ ಬಂದ್ ಸಿಗ್ನಲ್ ಸಿಕ್ಕದ್ದೇ ಮನೆ ಗ್ರೂಪಿಗೆ ಕಳ್ಸಿಯೂ ಆಯ್ತಲೆ!”

ಗ್ರೂಪು ತೆರೆದು ನೋಡಿದೆ. ವಿಡಿಯೋದ ಕೆಳಗೆ ಅವರು ಮುಗ್ಧವಾಗಿ ಬರೆದಿದ್ದರು: ‘ಹಿಮಾಲಯದಲ್ಲಿ ನಮ್ಮ ಷಡ್ಡಕರಿಂದ ಹುಲಿಕಲ್ ಘಾಟಿ ಬಸ್ಸು.’ ಮಾವ ಹೆಮ್ಮೆಯಿಂದ ಅದನ್ನು ತೀರ್ಥಹಳ್ಳಿಗೆಲ್ಲ ಹಂಚಿದ್ದರು. ತೀರ್ಥಹಳ್ಳಿಯವರು ಮೂರೂ ತಾಲ್ಲೂಕಿಗೆ ಹಂಚಿದ್ದರು.

ಊರಿಗೆ ಬಂದು ಅಂಗಡಿ ಬಾಗಿಲು ತೆಗೆದಿದ್ದೆನೋ ಇಲ್ಲವೋ, ಘಾಟಿ ರೂಟಿನ ಡ್ರೈವರೊಬ್ಬರು ಸೀದಾ ಬಂದು ನನ್ನ ಕೈ ಕುಲುಕಿದರು.

“ಎಂತ ಬಸ್ಸು ಮಾಡಿದ್ಯ ಮಾರಾಯ! ತಿರುವಲ್ಲಿ ಗೇರ್ ಇಳಿಸ್ತೀಯಲ್ಲ, ಕಟ ಕಟ ಅಂತ?”

ಅದು ನನ್ನ ಹಲ್ಲು ಕಟಕಟಿಸಿದ್ದು.

“ಆಮೇಲೆ ರೇಡಿಯೇಟರ್ ಕುದ್ದು ಉಕ್ಕತ್ತಲ್ಲ!”

ಅದು ವಾಂತಿ.

“ಕೊನೇಲಿ ಕ್ಲೀನರ್ ಚಕ್ರಕ್ಕೆ ಕಲ್ಲು ಕೊಡೋ ಶಬ್ದ, ಧಡ್ ಅಂತ. ಅದನ್ನ ಹೇಗ್ ಮಾಡಿದ್ಯೋ!”

ಅದು ನಾನೇ ಬಿದ್ದದ್ದು. ಆದರೆ ಹೇಳಲಿಲ್ಲ. “ಸಾಧನೆ ಬೇಕು,” ಎಂದು ಗಂಭೀರವಾಗಿ ಉತ್ತರಿಸಿದೆ. ಅಂಗಡಿಯೊಳಗೆ ಧೂಳು ಹೊಡೆಯುತ್ತಿದ್ದ ಸುಮಾ ಕೆಮ್ಮಿದಳು. ಅದೇ ಸಂಜೆ ಶೇಷಗಿರಿಯವರ ಫೋನು. ಅತ್ತ ಕಡೆ ಕವಳ ಜಗಿಯುವ ಶಬ್ದವೇ ಇರಲಿಲ್ಲ.

“ಇಡೀ ಸಂಜೆ ನಿಂದೇ! ಆರ್ಕೆಸ್ಟ್ರಾ ಬೇಡ ಅಂದ್ಬಿಟ್ಟೆ. ಆದ್ರೆ ಬಸ್ಸು ಮಾತ್ರ ಇರ್ಲೇಬೇಕು. ಜನ ಅದಕ್ಕೇ ಬರ್ತಾರೆ.”

ಫೋನಿಟ್ಟೆ. ಸುಮಾ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. “ಈಗೆಂತ ಮಾಡ್ತೀರಿ? ಸಾಗರಕ್ಕೆ ಹಿಮಾಲಯ ತರ್ತೀರಾ?”

“ಅಭ್ಯಾಸ ಮಾಡ್ತೀನಿ,” ಎಂದೆ. ಗಣಪತಿ ಹಬ್ಬದವರೆಗೂ ಅಭ್ಯಾಸ ಮಾಡಿದೆ. ಮಿಕ್ಸಿಯೇ ಬಂತು.

ಸಾಗರದ ಪೆಂಡಾಲು ಆ ಸಂಜೆ ತುಂಬಿ ಹೊರಗೂ ಜನ ಕೊಡೆ ಹಿಡಿದು ನಿಂತಿದ್ದರು. ಮುಂದಿನ ಸಾಲಿನಲ್ಲಿ ಮಾವ, ಅವರ ಪಕ್ಕದಲ್ಲಿ ಭಾಸ್ಕರಣ್ಣ. ಸ್ಕ್ರೀನಿನಲ್ಲಿ ನಾನು ಹಿಮದ ಮೇಲೆ ಸಾಯುತ್ತಿರುವುದನ್ನು ನೋಡಿ ಜನ ಶಿಳ್ಳೆ ಹೊಡೆದರು. ಆ ಮೇಲೆ ನಾನು ಬಂದೆ. ಅಭ್ಯರ್ಥಿ ಬಂದ, ಕೋಳಿಗಳು ಬಂದವು, ಗಿರಾಕಿ ಬಂದ. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಹಾ, ಸಾಗರದ ಗಾಳಿಯೇ! ಉಸಿರೆಳೆದಷ್ಟೂ ಸಿಗುತ್ತದೆ! ಆದರೆ ಕೊನೆಗೆ ಆ ಕೂಗು ಎದ್ದೇ ಎದ್ದಿತು.

“ಬಸ್ಸು! ಬಸ್ಸು!”

ದೇವರನ್ನು ನೆನೆದು ಶುರು ಮಾಡಿದೆ. ಒಂದು ತಿರುವು ಮುಗಿದಿರಲಿಲ್ಲ, ಎಲ್ಲಿಂದಲೋ ಯಾರೋ ಕೂಗಿದರು.

“ಇದು ಮಿಕ್ಸಿ ಕಣಾ!”

ಸುಮಾಳೇ ಇರಬಹುದೆಂದು ನನಗೆ ಈಗಲೂ ಅನುಮಾನವಿದೆ. ಜನ ಪ್ರಸಾದದ ಕಡೆ ನೋಡತೊಡಗಿದರು. ಶೇಷಗಿರಿಯವರು ಕವಳದ ಸಂಚಿ ಬಿಚ್ಚಿದರು. ಅಷ್ಟರಲ್ಲಿ ಸ್ಟೇಜಿನ ಪಕ್ಕದ ಪರದೆ ಸರಿಸಿ ಸುಮಾ ಇಣುಕಿದಳು.

“ರ‍್ರೀ! ಓಡಿ!”

“ಎಲ್ಲಿಗೆ?”

“ಪೆಂಡಾಲಿಗೆ ಸುತ್ತು ಹಾಕಿ! ಇಲ್ಲಿ ಗಾಳಿ ಗಟ್ಟಿ ಇದೆ, ಸುಮ್ನೆ ನಿಂತ್ರೆ ಉಸ್ರು ಹೋಗಲ್ಲ. ಉಸ್ರು ಕಟ್ಟೋವರೆಗೂ ಓಡಿ!”

ಸ್ಟೇಜಿನಿಂದ ಹಾರಿ ಓಡಿದೆ. ಶೇಷಗಿರಿಯವರು ಸಮಯಪ್ರಜ್ಞೆಯುಳ್ಳವರು. ಮೈಕು ಹಿಡಿದು ಘೋಷಿಸಿದರು. “ಮಹಾಜನರು ದಯವಿಟ್ಟು ಏಳಬಾರದು! ಕಲಾವಿದರು ಬಸ್ಸು ತರಲು ಹೋಗಿದ್ದಾರೆ!”

ಜನ ಕುರ್ಚಿ ತಿರುಗಿಸಿಕೊಂಡು ಕೂತರು. ಕೆಸರಿನಲ್ಲಿ ಜಾರುತ್ತಾ, ಕೊಡೆಗಳ ನಡುವೆ ನುಗ್ಗುತ್ತಾ, ಸುತ್ತಿನ ಮೇಲೆ ಸುತ್ತು ಹಾಕಿದೆ. ಪ್ರತಿ ಸುತ್ತಿಗೂ ಚಪ್ಪಾಳೆ. ಹಿಮಾಲಯದಲ್ಲಿ ಒಂದು ಸಣ್ಣ ದಿಬ್ಬ ಪುಕ್ಕಟೆಯಾಗಿ ಕೊಟ್ಟದ್ದನ್ನು ಸಾಗರದಲ್ಲಿ ಎಷ್ಟು ಓಡಿ ಗಳಿಸಬೇಕಾಯಿತು! ಕೊನೆಗೆ ಸ್ಟೇಜು ಹತ್ತಿ ಮೈಕಿನ ಮುಂದೆ ಕುಸಿದೆ. ಬಾಯಿ ತೆರೆದೆ. ಬಂತು ನೋಡಿ! ಮೂಗಿನ ಸಿಳ್ಳೆ, ಎದೆಯ ಗೊರಗೊರ, ಹುಲಿಕಲ್ ಘಾಟಿಯ ಕೊನೆಯ ತಿರುವು! ಪೆಂಡಾಲು ಎದ್ದು ನಿಂತಿತು.

ಆ ಗದ್ದಲದಲ್ಲಿ ಪಕ್ಕದ ಕುರ್ಚಿಯ ಅಪರಿಚಿತರೊಬ್ಬರು ಮಾವನನ್ನು ಏನೋ ಕೇಳಿದರು. ಮಾವ ತುಂಬು ಹೆಮ್ಮೆಯಿಂದ ಭಾಸ್ಕರಣ್ಣನ ಬೆನ್ನು ತಟ್ಟಿ, ಸ್ಟೇಜಿಗೂ ಕೇಳುವ ಹಾಗೆ, “ಇವ್ರು ನಮ್ಮ ದೊಡ್ಡಳಿಯ. ಹಿಮಾಲಯ ಹತ್ತಿದವ್ರು” ಎಂದರು. ಆ ಮೇಲೆ ಸ್ಟೇಜಿನ ಕಡೆ ಬೆರಳು ತೋರಿಸಿದರು.

“ಅವನು ಚಿಕ್ಕಳಿಯ. ಬಸ್ಸು.”

ಪ್ರತಿಭಟಿಸಬೇಕೆಂದು ಬಾಯಿ ತೆರೆದೆ. ‘ನಾನೂ ಘಟ್ಟದ ಮೇಲಿನವನೇ’ ಎಂದು ಹೇಳಬೇಕೆಂದಿದ್ದೆ.

ಹೊರಟದ್ದು ಫಸ್ಟ್ ಗೇರು ಮಾತ್ರ.